ಇಂಜಿನಿಯರಿಂಗ್ ಸೀಟು ಸಿಕ್ಕಿದೆ, ವಿಕಲಚೇತನ ತಮ್ಮನ ಶುಲ್ಕಕ್ಕೆ ದಾರಿ ಯಾವುದು?

ಬಯಲುಸೀಮೆ ಅಕ್ಕ:
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಈ ಸಲ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಊರಿನಿಂದ ದೂರದ ಖಾಸಗಿ ಕಾಲೇಜು. ಅವನಿಗೆ ಎರಡೂ ಕಾಲುಗಳಲ್ಲಿ ಬಲ ಕಡಿಮೆ, ಕ್ಯಾಲಿಪರ್ ತೊಟ್ಟು ಊರುಗೋಲು ಹಿಡಿದು ನಡೆಯುತ್ತಾನೆ. ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ ಇದೆ, ಹಳದಿ ಬಣ್ಣದ್ದು, ಶೇ 65 ಎಂದಿದೆ. ಅಪ್ಪನಿಗೆ ಎರಡು ಎಕರೆ ಖುಷ್ಕಿ ಜಮೀನು. ಆದಾಯ ಪ್ರಮಾಣಪತ್ರದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ. ನಾವು 2ಎ.

ಸೀಟು ಉಳಿಸಿಕೊಳ್ಳಲು ಶುಲ್ಕ ಕಟ್ಟಬೇಕಿತ್ತು, ಅಮ್ಮನ ಬಳೆ ಅಡವಿಟ್ಟು ಕಟ್ಟಿದ್ದೇವೆ. ಹಾಸ್ಟೆಲ್ ಮತ್ತು ಕಾಲೇಜಿನ ಇತರೆ ಶುಲ್ಕ ಇನ್ನೂ ಬಾಕಿ. ಕಾಲೇಜಿನ ಕಚೇರಿಯಲ್ಲಿ ಕೇಳಿದರೆ, “ಹಿಂದುಳಿದ ವರ್ಗದ ಅರ್ಜಿ ಹಾಕಿ ಸಾಕು, ಅಂಗವಿಕಲರದ್ದು ನಮಗೆ ಗೊತ್ತಿಲ್ಲ” ಎಂದರು. ಸೈಬರ್ ಸೆಂಟರ್‌ನವರು ಎಲ್ಲದಕ್ಕೂ ಹಾಕಿಬಿಡೋಣ ಎನ್ನುತ್ತಾರೆ. ಯಾವುದಕ್ಕೆ ಹಾಕಬೇಕು, ಎರಡು ಕಡೆ ಹಾಕಿದರೆ ಎರಡೂ ಹೋಗುತ್ತವೆಯೇ? ಹಣ ಯಾವಾಗ ಬರುತ್ತದೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ವೇದಾವತಿ ತೀರ:
ಮೊದಲು ತಮ್ಮನಿಗೆ ಅಭಿನಂದನೆ ಹೇಳಿ. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ‘ಸಕ್ಷಮ್’ ವಿದ್ಯಾರ್ಥಿವೇತನ ನೋಡಿದ್ದೀರಾ? ಅವನಿಗೆಂದೇ ಇರುವ ಯೋಜನೆ ಅದು. ಎಐಸಿಟಿಇ ಮಾನ್ಯತೆಯ ಕಾಲೇಜಿನಲ್ಲಿ ಪದವಿ ಅಥವಾ ಡಿಪ್ಲೊಮಾ, ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ. ವರ್ಷಕ್ಕೆ 50,000 ರೂಪಾಯಿ, ನಾಲ್ಕು ವರ್ಷ. ಶುಲ್ಕ, ಪುಸ್ತಕ, ಕಂಪ್ಯೂಟರ್ ಯಾವುದಕ್ಕಾದರೂ ಬಳಸಬಹುದು.

ಅವಸರದ ವಿಷಯ ಒಂದಿದೆ. ಪದವಿಯವರು ಇದಕ್ಕೆ ಹೊಸದಾಗಿ ಸೇರಬೇಕಾದದ್ದು ಮೊದಲ ವರ್ಷದಲ್ಲೇ. ಮುಂದಿನ ವರ್ಷ ನೋಡೋಣ ಎಂದು ಬಿಡಬೇಡಿ.

ಹಾವೇರಿ ಹುಡುಗ:
ಎಸ್‌ಎಸ್‌ಪಿ ಒಂದಕ್ಕೆ ಹಾಕಿದರೆ ಕೇಂದ್ರದ್ದೂ ತಾನಾಗಿಯೇ ಬರುತ್ತದೆ.

ಕಡತ ವಿಭಾಗ:
ಬರುವುದಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಎಷ್ಟೋ ಮಕ್ಕಳು ಹಣ ಕಳೆದುಕೊಳ್ಳುತ್ತಾರೆ. ನಾನು ಬೇರೊಂದು ಜಿಲ್ಲೆಯ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಕೆಲಸವನ್ನೇ ನೋಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಾವಧಾನವಾಗಿ ಓದಿ.

ಎಸ್‌ಎಸ್‌ಪಿ ನಮ್ಮ ರಾಜ್ಯದ ಪೋರ್ಟಲ್. ಹಿಂದುಳಿದ ವರ್ಗ, ಸಮಾಜ ಕಲ್ಯಾಣ, ವಿಕಲಚೇತನರ ಇಲಾಖೆ ಎಲ್ಲವೂ ಅಲ್ಲಿ ಬರುತ್ತವೆ. ನಾಡಕಚೇರಿಯ ಜಾತಿ ಮತ್ತು ಆದಾಯ ಪತ್ರಗಳ ಆರ್‌ಡಿ ಸಂಖ್ಯೆ ಬೇಕು. ವಿಕಲಚೇತನರೇ ಎಂಬ ಪ್ರಶ್ನೆಗೆ ಹೌದು ಎಂದು ಕೊಟ್ಟು ಯುಡಿಐಡಿ ಸಂಖ್ಯೆ ತುಂಬಬೇಕು. ಸೈಬರ್‌ನವರು ಆತುರದಲ್ಲಿ ಇದನ್ನು ಇಲ್ಲ ಎಂದು ಒತ್ತಿ ಮುಂದೆ ಹೋಗಿಬಿಡುತ್ತಾರೆ, ಪಕ್ಕದಲ್ಲಿ ಕುಳಿತು ನೋಡಿ.

ಎನ್‌ಎಸ್‌ಪಿ ಕೇಂದ್ರದ್ದು. ಸಕ್ಷಮ್ ಇರುವುದು ಅಲ್ಲಿ. ಕೇಂದ್ರದ ದಿವ್ಯಾಂಗಜನ ಸಬಲೀಕರಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೂಡ ಅಲ್ಲೇ. ಅದು ಪಿಯುಸಿಯಿಂದ ಸ್ನಾತಕೋತ್ತರದವರೆಗೆ, ಆದಾಯ ಮಿತಿ 2.5 ಲಕ್ಷ. ಆದರೆ ದೇಶಕ್ಕೆಲ್ಲ ಇಂತಿಷ್ಟೇ ಎಂಬ ಮಿತಿ ಇರುವುದರಿಂದ ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ. ಮೊದಲು ಓಟಿಆರ್, ಅಂದರೆ ಒಮ್ಮೆ ಮಾಡಿಕೊಂಡರೆ ಓದು ಮುಗಿಯುವವರೆಗೆ ನಡೆಯುವ ನೋಂದಣಿ. ಅದಾದ ಮೇಲೆ ಅರ್ಜಿ.

ಎರಡರ ಪ್ರಶ್ನೆಗೆ ಉತ್ತರ: ಸಕ್ಷಮ್ ಪಡೆಯುವವರು ಅದೇ ಅವಧಿಗೆ ಬೇರೆ ಸರ್ಕಾರಿ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ನಿಮ್ಮ ತಮ್ಮನ ಶುಲ್ಕಕ್ಕೆ ಹಿಂದುಳಿದ ವರ್ಗದಿಂದ ಎಷ್ಟು ಬರುತ್ತದೆ ಎಂದು ಕೇಳಿ, 50,000ದ ಪಕ್ಕದಲ್ಲಿಟ್ಟು ನೋಡಿ, ಹೆಚ್ಚಿನದ್ದನ್ನು ಹಿಡಿಯಿರಿ. ಸುಮ್ಮನೆ ಎಲ್ಲದಕ್ಕೂ ಹಾಕಿದರೆ ಆಮೇಲೆ ಒಂದನ್ನು ವಾಪಸು ಕಟ್ಟಿ ಎಂದು ಪತ್ರ ಬರಬಹುದು.

ಬಯಲುಸೀಮೆ ಅಕ್ಕ:
ತುಂಬ ಉಪಕಾರವಾಯಿತು ಸರ್. ಇನ್ನೊಂದು ಪ್ರಶ್ನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಮ್ಮನ ಹೆಸರಿನ ಹಿಂದೆ ಇನಿಷಿಯಲ್ ಮಾತ್ರ ಇದೆ. ಆಧಾರ್‌ನಲ್ಲಿ ಹೆಸರಿನ ಮುಂದೆ ಅಪ್ಪನ ಪೂರ್ತಿ ಹೆಸರು. ಯುಡಿಐಡಿಯಲ್ಲಿ ಇನಿಷಿಯಲ್ ಕೂಡ ಇಲ್ಲ. ಇದು ತೊಂದರೆಯೇ?

ಕಡತ ವಿಭಾಗ:
ಮೇಡಂ, ತೊಂದರೆ ಆಗುವುದೇ ಅಲ್ಲಿ. ಅಂಕಪಟ್ಟಿಯಲ್ಲಿ ಇದ್ದಂತೆ ಆಧಾರ್ ತಿದ್ದಿಸಿ, ಆಮೇಲೆ ಯುಡಿಐಡಿ ಕೊಡುವ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಯ ಹೆಸರು ತಿದ್ದಿಸಿ. ಅಂಕಪಟ್ಟಿಯನ್ನು ತಿದ್ದಿಸಲು ಹೊರಟರೆ ವರ್ಷವೇ ಕಳೆದೀತು, ಅದಕ್ಕೆ ಕೈ ಹಾಕಬೇಡಿ.

ತುಂಗಾ ತಟ:
ಕಡತ ವಿಭಾಗದವರೇ, ನೀವು ಒಳ್ಳೆಯವರಿರಬಹುದು. ಆದರೆ ನನ್ನ ಮಗಳ ಕಾಲೇಜಿನಲ್ಲಿ ಆದದ್ದು ಕೇಳಿ. ನಾವು ಎನ್‌ಎಸ್‌ಪಿ ಅರ್ಜಿಯನ್ನು ಸಕಾಲಕ್ಕೆ ಹಾಕಿದೆವು. ಕಾಲೇಜು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು ಎಂದು ಹತ್ತಾರು ಬಾರಿ ಹೇಳಿದೆವು. ಲಾಗಿನ್ ಯಾರ ಹತ್ತಿರ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ನೋಡಿಕೊಳ್ಳುವ ಹಿಂದಿನ ನೋಡಲ್ ಅಧಿಕಾರಿ ವರ್ಗವಾಗಿ ಹೋಗಿದ್ದರು, ಒಟಿಪಿ ಅವರ ಮೊಬೈಲ್‌ಗೆ ಹೋಗುತ್ತಿತ್ತು. ಕೊನೆಯ ದಿನಾಂಕ ಮುಗಿಯಿತು, ಅರ್ಜಿ ಕಾಲೇಜಿನ ಹಂತದಲ್ಲೇ ಸತ್ತಿತು. ಮಗಳಿಗೆ ಕಿವಿ ಕೇಳುವುದಿಲ್ಲ. ಆ ಹಣದಲ್ಲಿ ಹೊಸ ಶ್ರವಣ ಸಾಧನ ಕೊಳ್ಳಬೇಕೆಂದಿದ್ದಳು. ಯಾರನ್ನು ಕೇಳಬೇಕಿತ್ತು ನಾವು?

ಕಡತ ವಿಭಾಗ:
ನಿಮ್ಮ ಸಿಟ್ಟು ನ್ಯಾಯವಾದದ್ದು, ಅದಕ್ಕೆ ಸಮಜಾಯಿಷಿ ಕೊಡುವುದಿಲ್ಲ. ಇಂಥದ್ದು ಆದರೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅದೇ ದಿನ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಇನ್ನೊಂದು ಪ್ರತಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಮುದ್ರೆ ಬಿದ್ದ ಕಾಗದ ಮೇಜಿಗೆ ಬಂದರೆ ಯಾರೋ ಒಬ್ಬರು ಹೊಣೆ ಹೊರಲೇಬೇಕಾಗುತ್ತದೆ.

ನೇರನುಡಿ:
ಒಂದು ಮಾತು ಕೇಳುತ್ತೇನೆ, ಯಾರೂ ಬೇಸರಿಸಬೇಡಿ. ವಿಶೇಷ ವರ್ಗದಲ್ಲಿ ಸೀಟು, ಮೇಲೆ ವಿದ್ಯಾರ್ಥಿವೇತನ, ಅದರ ಮೇಲೆ ಮಾಸಾಶನ, ಬಸ್ ಪಾಸ್. ಕೈಕಾಲು ಗಟ್ಟಿಯಿರುವ ಕೂಲಿಯವರ ಮಗನೂ ಬಡವನೇ ಅಲ್ಲವೇ? ಅಂಕ ನೋಡಿ ಕೊಟ್ಟರೆ ಎಲ್ಲರಿಗೂ ನ್ಯಾಯ.

ಬ್ರೈಲ್ ಬೆರಳು:
ನೇರನುಡಿಯವರೇ, ನಾನು ಧಾರವಾಡದಲ್ಲಿ ಎಂ.ಎ. ಓದುತ್ತಿರುವ ಅಂಧ ವಿದ್ಯಾರ್ಥಿ. ನನ್ನ ಸಹಪಾಠಿ ಗ್ರಂಥಾಲಯದಿಂದ ಪುಸ್ತಕ ತಂದು ಅಂದೇ ರಾತ್ರಿ ಓದುತ್ತಾನೆ. ನಾನು ಅದೇ ಪುಸ್ತಕವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿಸಿ, ಅಕ್ಷರವಾಗಿ ಪರಿವರ್ತಿಸಿ, ತಪ್ಪು ತಿದ್ದಿಸಿ, ಆಮೇಲೆ ಕಂಪ್ಯೂಟರ್‌ನಿಂದ ಓದಿಸಿಕೊಳ್ಳಬೇಕು. ಹಳೆಯ ಕನ್ನಡ ಮುದ್ರಣದಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋಗುತ್ತವೆ, ಒಂದೊಂದು ಪುಟವನ್ನೂ ಯಾರಾದರೂ ಕಣ್ಣಿದ್ದವರು ಕೂತು ಸರಿಪಡಿಸಬೇಕು. ಸ್ಕ್ಯಾನ್‌ಗೆ ದುಡ್ಡು, ತಿದ್ದುವವರಿಗೆ ದುಡ್ಡು, ಪರೀಕ್ಷೆಗೆ ಲಿಪಿಕಾರರನ್ನು ಕರೆತರುವ ಖರ್ಚು. ಕೂಲಿಯವರ ಮಗನಿಗೂ ಕೊಡಲಿ, ಖಂಡಿತ ಕೊಡಲಿ. ಆದರೆ ನಾನು ಕೂಲಿಯವರ ಮಗನೂ ಹೌದು, ಕುರುಡನೂ ಹೌದು. ನನ್ನ ಖರ್ಚಿನ ಪಟ್ಟಿ ಅವನದಕ್ಕಿಂತ ಉದ್ದ.

ತುಂಗಾ ತಟ:
ಇದನ್ನೇ ಹೇಳಬೇಕೆಂದಿದ್ದೆ. ಮತ್ತೆ, 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 32ನೇ ಕಲಂನಲ್ಲಿ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಶೇ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟು ಮೀಸಲಿಡಬೇಕು ಎಂದಿದೆ. 1995ರ ಕಾಯಿದೆಯಲ್ಲಿ ಶೇ 3 ಇತ್ತು. ಇದು ಯಾರ ಔದಾರ್ಯವೂ ಅಲ್ಲ.

ನೇರನುಡಿ:
ಬ್ರೈಲ್ ಬೆರಳು ಅವರ ಮಾತು ಒಪ್ಪುತ್ತೇನೆ, ಆ ಖರ್ಚು ನನಗೆ ತಿಳಿದಿರಲಿಲ್ಲ. ಆದರೂ ಅನುಕೂಲಸ್ಥರು ಸುಳ್ಳು ಪ್ರಮಾಣಪತ್ರ ಮಾಡಿಸಿಕೊಳ್ಳುವುದನ್ನು ತಡೆಯಬೇಕು. ಅದರಿಂದ ನಷ್ಟವಾಗುವುದು ನಿಮ್ಮಂಥವರಿಗೇ.

ಬ್ರೈಲ್ ಬೆರಳು:
ಅದರಲ್ಲಿ ಇಬ್ಬರದೂ ಒಂದೇ ಮಾತು. ಆದರೆ ಕಳ್ಳರನ್ನು ಹಿಡಿಯುವ ಹೆಸರಿನಲ್ಲಿ ಮಾಡುವ ಪರಿಶೀಲನೆ ನಮ್ಮ ಮೇಲೆಯೇ ಬೀಳುತ್ತದೆ. ಮುಖ ದೃಢೀಕರಣದ ಒಂದು ಆ್ಯಪ್ ನನಗೆ ಕಣ್ಣು ಮಿಟುಕಿಸಿ ಎನ್ನುತ್ತಿತ್ತು. ನಾನು ಮಿಟುಕಿಸಿದ್ದನ್ನು ಅದು ಗುರುತಿಸುತ್ತಿರಲಿಲ್ಲ. ಮುಖ ಚೌಕಟ್ಟಿನೊಳಗೆ ಇದೆಯೋ ಇಲ್ಲವೋ ನನಗೆ ಕಾಣುವುದಿಲ್ಲ. ಕೊನೆಗೆ ಅಕ್ಕ ಎದುರು ನಿಂತು, ನನ್ನ ಗಲ್ಲ ಹಿಡಿದು ತಿರುಗಿಸಿ, ಕಿಟಕಿಯ ಬೆಳಕು ಬೀಳುವಂತೆ ಮಾಡಿದಾಗ ಒಪ್ಪಿಕೊಂಡಿತು. ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಇದೇ ವಿಷಯದಲ್ಲಿ ತೀರ್ಪು ಕೊಟ್ಟಿದೆ. ಅಂಧರು ಮತ್ತು ಆ್ಯಸಿಡ್ ದಾಳಿಗೆ ಒಳಗಾದವರಿಗೂ ಇ–ಕೆವೈಸಿ, ಅಂದರೆ ಡಿಜಿಟಲ್ ಗುರುತು ದೃಢೀಕರಣ, ಸಾಧ್ಯವಾಗಬೇಕು, ಡಿಜಿಟಲ್ ಸೇವೆ ಎಟಕುವುದು ಬದುಕುವ ಹಕ್ಕಿನ ಭಾಗ ಎಂದಿದೆ. ಎಲ್ಲಾದರೂ ಅಡ್ಡಿ ಬಂದರೆ ದೂರಿನಲ್ಲಿ ಈ ತೀರ್ಪನ್ನು ಉಲ್ಲೇಖಿಸಿ.

ಕಾವೇರಿ ಕಣಿವೆ:
ನನ್ನ ಪ್ರಶ್ನೆ ಬೇರೆ. ಮಗನಿಗೆ ಕಲಿಕಾ ನ್ಯೂನತೆ ಇದೆ, ಡಿಸ್‌ಲೆಕ್ಸಿಯಾ. ನೋಡಿದರೆ ಯಾರಿಗೂ ತಿಳಿಯುವುದಿಲ್ಲ. ಬಿ.ಕಾಂ. ಸೇರಿದ್ದಾನೆ. ಅವನು ಇದರಲ್ಲಿ ಬರುತ್ತಾನೆಯೇ? ಸಂಬಂಧಿಕರು ಅಂಗವಿಕಲ ಎಂದು ಬರೆಸಬೇಡಿ, ಮುಂದೆ ಮದುವೆಗೆ ತೊಂದರೆ ಎನ್ನುತ್ತಾರೆ.

ವೇದಾವತಿ ತೀರ:
ಬರುತ್ತಾನೆ ಅಕ್ಕ. 2016ರ ಕಾಯಿದೆಯಲ್ಲಿ 21 ಬಗೆಯ ವೈಕಲ್ಯಗಳಿವೆ. ನಿರ್ದಿಷ್ಟ ಕಲಿಕಾ ನ್ಯೂನತೆ, ಆಟಿಸಂ, ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ರೋಗ ಎಲ್ಲವೂ ಸೇರಿವೆ. ವಿದ್ಯಾರ್ಥಿವೇತನಕ್ಕೆ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಬೇಕು. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ಮಂಡಳಿ ಕರೆದಾಗ ಹೋಗಿ. ಬೆಂಗಳೂರಿನ ಹತ್ತಿರದವರಾದರೆ ನಿಮ್ಹಾನ್ಸ್‌ನಲ್ಲಿ ವಿಚಾರಿಸಬಹುದು.

ಕಾವೇರಿ ಕಣಿವೆ:
ಇಷ್ಟು ವರ್ಷ ಒಬ್ಬರೂ ಹೇಳಿರಲಿಲ್ಲ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೂಡ ಸಿಗುತ್ತದೆಯೇ?

ಬ್ರೈಲ್ ಬೆರಳು:
ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ. ಮೂರು ಗಂಟೆಯ ಪತ್ರಿಕೆಗೆ ಪೂರ್ತಿ ಒಂದು ಗಂಟೆ. ಪರೀಕ್ಷೆ ಹತ್ತಿರ ಬರುವವರೆಗೆ ಕಾಯಬೇಡಿ, ಸೆಮಿಸ್ಟರ್ ಆರಂಭದಲ್ಲೇ ಅರ್ಜಿ ಕೊಡಿ. ಮದುವೆಯ ಮಾತು ಆಡುವವರು ಮಗನ ಪರೀಕ್ಷೆ ಬರೆದುಕೊಡುವುದಿಲ್ಲ.

ಸುರತ್ಕಲ್ ಹಳಬ:
ಎಲ್ಲರೂ ವಿದ್ಯಾರ್ಥಿವೇತನ ಎನ್ನುತ್ತಿದ್ದೀರಿ, ಶುಲ್ಕ ವಿನಾಯಿತಿಯ ಬಗ್ಗೆ ಯಾರೂ ಹೇಳಲಿಲ್ಲ. ಐಐಟಿ, ಎನ್‌ಐಟಿಗಳಲ್ಲಿ ವಿಕಲಚೇತನ ವಿದ್ಯಾರ್ಥಿಗಳಿಗೆ ಬೋಧನಾ ಶುಲ್ಕ ಪೂರ್ತಿ ಮನ್ನಾ. ನಮ್ಮ ರಾಜ್ಯದಲ್ಲೇ ಸುರತ್ಕಲ್ ಎನ್‌ಐಟಿ ಮತ್ತು ಧಾರವಾಡ ಐಐಟಿ ಇವೆ. ಹಾಸ್ಟೆಲ್, ಊಟದ ಖರ್ಚು ಮಾತ್ರ ಉಳಿಯುತ್ತದೆ. ಅಧಿಸೂಚಿತ ಉತ್ತಮ ಸಂಸ್ಥೆಗಳಲ್ಲಿ ಓದುವವರಿಗೆ ಕೇಂದ್ರದ ‘ಟಾಪ್ ಕ್ಲಾಸ್’ ಯೋಜನೆ ಬೇರೆ ಇದೆ. ನನ್ನ ಕೊಠಡಿಯ ಗೆಳೆಯ ಗಾಲಿಕುರ್ಚಿ ಬಳಸುತ್ತಿದ್ದ. ಪಿಯುಸಿಯಲ್ಲಿ ಯಾರಾದರೂ ಈ ವಿಷಯ ಹೇಳಿದ್ದರೆ ಇನ್ನೂ ಗಟ್ಟಿಯಾಗಿ ತಯಾರಿ ಮಾಡುತ್ತಿದ್ದೆ ಎಂದು ಹೇಳುತ್ತಿದ್ದ. ಚಿಕ್ಕ ತರಗತಿಯ ಮಕ್ಕಳಿರುವವರು ಗಮನಿಸಿ.

ನಿವೃತ್ತ ಮೇಷ್ಟ್ರು:
ಒಳ್ಳೆಯ ಮಾತು. ಆದರೆ ಬಯಲುಸೀಮೆ ಅಕ್ಕನವರ ಮೂರನೇ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಹಣ ಯಾವಾಗ ಬರುತ್ತದೆ? ಇದೇ ಮುಖ್ಯ. ಶುಲ್ಕ ಕಟ್ಟಬೇಕಾದದ್ದು ಸೇರುವಾಗ. ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಎಷ್ಟೋ ತಿಂಗಳ ನಂತರ, ಕೆಲವೊಮ್ಮೆ ಶೈಕ್ಷಣಿಕ ವರ್ಷ ಮುಗಿದ ಮೇಲೆ. ನನ್ನ ಸೇವೆಯಲ್ಲಿ ನಾನು ಕಂಡಂತೆ ವಿಕಲಚೇತನ ಮಕ್ಕಳು ಕಾಲೇಜು ಬಿಟ್ಟದ್ದು ಯೋಜನೆ ಇಲ್ಲದ್ದರಿಂದಲ್ಲ. ಈ ನಡುವಿನ ತಿಂಗಳುಗಳನ್ನು ದಾಟಲಾಗದೆ ಬಿಟ್ಟರು. ಮಂಜೂರಾದ ಪತ್ರ ಮನೆಗೆ ಬಂದಾಗ ಹುಡುಗ ಗ್ಯಾರೇಜಿನಲ್ಲೋ ಅಂಗಡಿಯಲ್ಲೋ ಕೆಲಸಕ್ಕೆ ನಿಂತಾಗಿರುತ್ತಿತ್ತು. ಆದ್ದರಿಂದ ಅರ್ಜಿಯ ಜೊತೆಗೇ ಈ ಅಂತರವನ್ನು ತುಂಬುವ ಯೋಚನೆ ಮಾಡಿ. ಅರ್ಜಿಯ ಪ್ರತಿ ಲಗತ್ತಿಸಿ, ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ ಎಂದು ಪ್ರಾಂಶುಪಾಲರಿಗೆ ಬರೆಯಿರಿ. ಕೇಳಿದರೆ ಬಹಳಷ್ಟು ಕಡೆ ಕೊಡುತ್ತಾರೆ.

ದೂರದೇಶ ಕನ್ನಡಿಗ:
ಮೇಷ್ಟ್ರೇ, ನಾವು ಕೆಲವು ಗೆಳೆಯರು ಸೇರಿ ವರ್ಷಕ್ಕೊಬ್ಬ ವಿಕಲಚೇತನ ವಿದ್ಯಾರ್ಥಿಯ ಪೂರ್ತಿ ಶುಲ್ಕ ಕಟ್ಟೋಣ ಎಂದುಕೊಂಡಿದ್ದೆವು. ನಿಮ್ಮ ಮಾತು ಓದಿದ ಮೇಲೆ ಒಂದು ಯೋಚನೆ ಬಂತು. ಕೊಡುಗೆಯ ಬದಲು ಬಡ್ಡಿಯಿಲ್ಲದ ಕೈಸಾಲವಾಗಿ ಕೊಟ್ಟು, ವಿದ್ಯಾರ್ಥಿವೇತನ ಬಂದಾಗ ಅದೇ ಹಣವನ್ನು ಮುಂದಿನ ಹುಡುಗನಿಗೆ ಕೊಟ್ಟರೆ ಹೇಗೆ?

ನಿವೃತ್ತ ಮೇಷ್ಟ್ರು:
ಬಹಳ ಒಳ್ಳೆಯದು. ನಿಮ್ಮ ಹಳೆಯ ಕಾಲೇಜಿನ ಹಿರಿಯ ವಿದ್ಯಾರ್ಥಿಗಳ ಸಂಘದ ಮೂಲಕ ಮಾಡಿ, ಲೆಕ್ಕಪತ್ರ ಇರುತ್ತದೆ. ವಿದ್ಯಾರ್ಥಿವೇತನ ಮಂಜೂರಾಗದೆ ಹೋದ ಹುಡುಗನನ್ನು ಮಾತ್ರ ಸಾಲ ತೀರಿಸು ಎಂದು ಕಾಡಬಾರದು, ಅದನ್ನು ಮೊದಲೇ ಬರೆದಿಡಿ.

ತುಂಗಾ ತಟ:
ಬ್ಯಾಂಕ್ ಸಾಲವನ್ನೂ ಹೇಳಿ. ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಮಾನ್ಯತೆ ಪಡೆದ ಕಾಲೇಜಿನಲ್ಲಿ ವೃತ್ತಿಪರ ಕೋರ್ಸ್, ಕುಟುಂಬದ ಆದಾಯ 4.5 ಲಕ್ಷದೊಳಗೆ ಇದ್ದರೆ ಓದುವ ಅವಧಿ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಕೊಡುತ್ತದೆ. ಬಳೆ ಅಡವಿಟ್ಟ ಬಡ್ಡಿಗಿಂತ ಎಷ್ಟೋ ವಾಸಿ.

ಬಯಲುಸೀಮೆ ಅಕ್ಕ:
ಬಡ್ಡಿ ಸಹಾಯ ಇರುವುದು ಇವತ್ತೇ ಗೊತ್ತಾದದ್ದು. ನಾಳೆಯೇ ಬ್ಯಾಂಕಿಗೆ ಹೋಗುತ್ತೇನೆ. ಅಂದ ಹಾಗೆ ನಿನ್ನೆ ಒಬ್ಬರು ಫೋನ್ ಮಾಡಿ, ಅಂಗವಿಕಲರ ವಿದ್ಯಾರ್ಥಿವೇತನ ಮಂಜೂರಾಗಿದೆ, ಸಂಸ್ಕರಣಾ ಶುಲ್ಕ ಕಳುಹಿಸಿ ಎಂದರು. ಅರ್ಜಿಯನ್ನೇ ಹಾಕಿಲ್ಲ!

ಕಡತ ವಿಭಾಗ:
ಮೋಸ. ಎನ್‌ಎಸ್‌ಪಿ, ಎಸ್‌ಎಸ್‌ಪಿ ಎರಡರಲ್ಲೂ ಅರ್ಜಿಗೆ ಶುಲ್ಕವಿಲ್ಲ, ಮಂಜೂರಾತಿಗೂ ಇಲ್ಲ. ಒಟಿಪಿ ಕೇಳಿದರೆ ಕೊಡಬೇಡಿ. ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ತಿಳಿಸಿ.

ಹಾವೇರಿ ಹುಡುಗ:
ಊರಿನಲ್ಲಿ ವಿ.ಆರ್.ಡಬ್ಲ್ಯೂ. ಇದ್ದಾರಲ್ಲ, ಅವರನ್ನು ಹಿಡಿಯಿರಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು, ಅವರೂ ವಿಕಲಚೇತನರೇ. ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ನನ್ನ ಯುಡಿಐಡಿ ಮಾಡಿಸಿದ್ದು ಅವರೇ.

ಬ್ರೈಲ್ ಬೆರಳು:
ಹೌದು, ಬಹಳ ಕಡಿಮೆ ಗೌರವಧನಕ್ಕೆ ದುಡಿಯುತ್ತಾರೆ. ಅಂಧ ವಿದ್ಯಾರ್ಥಿಗಳಿಗೆ ಇಲಾಖೆ ಕೊಡುವ ಮಾತನಾಡುವ ಲ್ಯಾಪ್‌ಟಾಪ್ ಬಗ್ಗೆ ನನಗೆ ಹೇಳಿದ್ದೂ ನಮ್ಮೂರ ಕಾರ್ಯಕರ್ತೆ. ಲ್ಯಾಪ್‌ಟಾಪ್ ಬರುವವರೆಗೆ ಯಾವುದೇ ಕಂಪ್ಯೂಟರ್‌ಗೆ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಳ್ಳಿ, ಪೂರ್ತಿ ಉಚಿತ, ಕನ್ನಡವನ್ನೂ ಓದುತ್ತದೆ.

ವೇದಾವತಿ ತೀರ:
ತಮ್ಮನ ಕ್ಯಾಲಿಪರ್‌ಗೂ ಹಣ ಕೊಡಬೇಕಿಲ್ಲ. ಸಾಧನ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಸರ್ಕಾರಿ ಸಂಸ್ಥೆ ಅಲಿಮ್ಕೋದವರು ಶಿಬಿರ ನಡೆಸಿ ಅಳತೆ ತೆಗೆದು ಮಾಡಿಕೊಡುತ್ತಾರೆ. ಜಿಲ್ಲಾ ಕಚೇರಿಯಲ್ಲಿ ಶಿಬಿರದ ದಿನ ಕೇಳಿಕೊಳ್ಳಿ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿ.ಮೀ. ಒಳಗೆ. ಕಾಲೇಜು ಅದಕ್ಕಿಂತ ದೂರವಿದ್ದರೆ ಪೂರ್ತಿ ದಾರಿಗೆ ಆಗುವುದಿಲ್ಲ.

ಸುರತ್ಕಲ್ ಹಳಬ:
ಹಾಸ್ಟೆಲ್‌ನಲ್ಲಿ ನೆಲಮಹಡಿಯ ಕೊಠಡಿ ಬೇಕೆಂದು ಈಗಲೇ ಬರೆದುಕೊಡಿ. ಶೌಚಾಲಯದಲ್ಲಿ ಕಮೋಡ್ ಇದೆಯೇ, ಬಾಗಿಲಿನ ಹೊಸ್ತಿಲು ಎಷ್ಟು ಎತ್ತರ ಎಂದು ಖುದ್ದು ಹೋಗಿ ನೋಡಿ. ಮೊದಲ ವಾರ ಮೂರನೇ ಮಹಡಿ ಹತ್ತಿ ಇಳಿದರೆ ಹುಡುಗ ಹಾಸ್ಟೆಲ್ ಬಿಟ್ಟು ಹೊರಗೆ ದುಬಾರಿ ಕೊಠಡಿ ಹಿಡಿಯಬೇಕಾಗುತ್ತದೆ.

ಬಯಲುಸೀಮೆ ಅಕ್ಕ:
ಇದನ್ನು ನಾವು ಯೋಚಿಸಿಯೇ ಇರಲಿಲ್ಲ. ಶನಿವಾರ ಹೋಗಿ ನೋಡುತ್ತೇವೆ. ಬ್ಯಾಂಕ್ ಖಾತೆ ತಮ್ಮನ ಹೆಸರಿನಲ್ಲಿ ಎರಡಿವೆ, ಯಾವುದು ಕೊಡಲಿ?

ಕಡತ ವಿಭಾಗ:
ಕೇಳಿದ್ದು ಒಳ್ಳೆಯದಾಯಿತು. ಹಣ ಹೋಗುವುದು ಆಧಾರ್ ಜೋಡಣೆಯಾದ ಖಾತೆಗೆ, ನೀವು ಅರ್ಜಿಯಲ್ಲಿ ಯಾವ ಸಂಖ್ಯೆ ಬರೆದಿದ್ದರೂ. ಮೈಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ಎಂದಿದೆ, ಅಲ್ಲಿ ಯಾವ ಬ್ಯಾಂಕ್ ತೋರಿಸುತ್ತದೆ ನೋಡಿ. ಶಾಲೆಯಲ್ಲಿದ್ದಾಗ ತೆರೆದು ಮರೆತ ಖಾತೆಗೆ ಜೋಡಣೆಯಾಗಿ, ಅದು ನಿಷ್ಕ್ರಿಯವಾಗಿ ಹಣ ವಾಪಸು ಹೋದದ್ದನ್ನು ಪ್ರತಿ ವರ್ಷ ನೋಡುತ್ತೇನೆ. ಬೇಡದ ಖಾತೆ ಇದ್ದರೆ ನಡೆಯುತ್ತಿರುವ ಬ್ಯಾಂಕಿಗೆ ಹೋಗಿ ಜೋಡಣೆ ಬದಲಿಸಿಕೊಡಿ ಎಂದು ಅರ್ಜಿ ಕೊಡಿ.

ಮಲೆನಾಡ ಮಗಳು:
ತಡವಾಗಿ ಬಂದೆ. ನನ್ನ ತಂಗಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಬಿ.ಇ.ಗೆ ಸೇರಿದ್ದಾಳೆ. ಒಂದು ಕೈ ಇಲ್ಲ. ಮೊದಲ ವರ್ಷವಲ್ಲ ಎಂದು ಸಕ್ಷಮ್ ತಪ್ಪಿಹೋಯಿತೇ?

ವೇದಾವತಿ ತೀರ:
ಇಲ್ಲ. ಲ್ಯಾಟರಲ್ ಎಂಟ್ರಿಯವರಿಗೆ ಎರಡನೇ ವರ್ಷವೇ ಪ್ರವೇಶದ ವರ್ಷ. ಮೂರು ವರ್ಷ ಸಿಗುತ್ತದೆ.

ಕಡತ ವಿಭಾಗ:
ಸರಿಯಾಗಿ ಹೇಳಿದಿರಿ. ಅರ್ಜಿಯಲ್ಲಿ ಲ್ಯಾಟರಲ್ ಎಂಟ್ರಿ ಎಂದು ಸರಿಯಾಗಿ ಆರಿಸಿದ್ದಾರೆಯೇ ನೋಡಿಕೊಳ್ಳಿ. ಸಿಕ್ಕ ಮೇಲೆ ಪ್ರತಿ ವರ್ಷ ನವೀಕರಣ ಮಾಡಿಸಬೇಕು, ಮುಂದಿನ ವರ್ಷಕ್ಕೆ ತೇರ್ಗಡೆಯಾದ ಬಗ್ಗೆ ಕಾಲೇಜಿನ ಪತ್ರ ಬೇಕಾಗುತ್ತದೆ. ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಪೋರ್ಟಲ್‌ನಲ್ಲೇ ನೋಡಿ. ನಿಮ್ಮ ಕಾಲೇಜಿನ ನೋಡಲ್ ಅಧಿಕಾರಿ ಯಾರು ಎಂದು ಈ ವಾರವೇ ಕೇಳಿಟ್ಟುಕೊಳ್ಳಿ, ಅವರ ಲಾಗಿನ್ ಕೆಲಸ ಮಾಡುತ್ತಿದೆಯೇ ಎಂದೂ ಕೇಳಿ.